‘ಹಿಯರ್‌ಬೈ’ ಬರೆಯುವ ಮುನ್ನ: ಅರ್ಥ, ಬಳಕೆ ಮತ್ತು ಅಳಿಸುವ ಕಲೆ

ಇಂಗ್ಲಿಷಿನಲ್ಲಿ ಔಪಚಾರಿಕ ಪತ್ರ ಬರೆಯಲು ಕುಳಿತವರ ಬೆರಳು ತಾನಾಗಿಯೇ ಹುಡುಕಿಕೊಂಡು ಹೋಗುವ ಪದವೊಂದಿದೆ: ಹಿಯರ್‌ಬೈ. ಸಾದಾ ವಾಕ್ಯದ ನಡುವೆ ಅದನ್ನು ಸಿಕ್ಕಿಸಿದ ಕೂಡಲೇ ಪತ್ರ ಕೋಟು ತೊಟ್ಟು ನಿಂತಂತೆ ಕಾಣುತ್ತದೆ. ಬೇರೆಯವರ ಇಂಗ್ಲಿಷ್ ಪತ್ರ, ಒಪ್ಪಂದ, ಪ್ರಮಾಣಪತ್ರಗಳನ್ನು ತಿದ್ದುವ ಕೆಲಸದಲ್ಲಿ ನಾನು ಈ ಪದವನ್ನು ಉಳಿಸಿದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಆದರೆ ಉಳಿಸಿದ ಜಾಗದಿಂದ ಯಾರಾದರೂ ಅದನ್ನು ಕಿತ್ತರೆ ಜಗಳಕ್ಕೇ ನಿಲ್ಲುತ್ತೇನೆ. ಎಲ್ಲಿ ಅಳಿಸಬೇಕು, ಎಲ್ಲಿ ಬಿಗಿಯಾಗಿ ಹಿಡಿದುಕೊಳ್ಳಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ: ಪದವನ್ನು ಬಿಡಿಸಿ ನೋಡಿ

‘ಹಿಯರ್’ ಎಂದರೆ ಇಲ್ಲಿ, ‘ಬೈ’ ಎಂದರೆ ಮೂಲಕ ಅಥವಾ ಇಂದ. ಎರಡೂ ಸೇರಿದಾಗ ‘ಇಲ್ಲಿ’ ಎಂಬುದು ಊರನ್ನಾಗಲಿ ಕೋಣೆಯನ್ನಾಗಲಿ ಸೂಚಿಸುವುದಿಲ್ಲ. ಅದು ಬೆರಳು ತೋರಿಸುವುದು ನಿಮ್ಮ ಕೈಯಲ್ಲಿರುವ ಹಾಳೆಯತ್ತ, ಅಥವಾ ಈಗ ಬಾಯಿಂದ ಹೊರಡುತ್ತಿರುವ ಮಾತಿನತ್ತ. ಹಾಗಾಗಿ ಪೂರ್ಣ ಅರ್ಥ: ‘ಈ ಬರಹದ ಮೂಲಕವೇ’, ‘ಈ ಮಾತಿನಿಂದಲೇ’. ಆ ‘ಏ’ಕಾರವನ್ನು ಗಮನಿಸಿ. ಪದದ ಜೀವ ಇರುವುದು ಅಲ್ಲಿಯೇ. ಇನ್ನೊಂದು ಕೆಲಸ, ಇನ್ನೊಂದು ಕಾಗದ, ಇನ್ನೊಂದು ದಿನ ಬೇಕಿಲ್ಲ. ಈ ವಾಕ್ಯ ಮುಗಿಯುವಷ್ಟರಲ್ಲಿ ಕೆಲಸ ಆಗಿಹೋಗುತ್ತದೆ ಎಂದು ಅದು ಹೇಳುತ್ತದೆ.

ಒಂದು ಕಾಲಕ್ಕೆ ಇದೇ ಪದಕ್ಕೆ ‘ಹತ್ತಿರದಲ್ಲಿ’ ಎಂಬ ಅರ್ಥವೂ ಇತ್ತು. ಅದು ಎಂದೋ ಸವೆದುಹೋಗಿದೆ. ಬರೆಯುವಾಗ ನಡುವೆ ಜಾಗ ಬಿಡಬಾರದು, ಅಡ್ಡಗೆರೆಯನ್ನೂ ಹಾಕಬಾರದು. ಅದು ಒಂದೇ ಪದ.

ಎರಡನೆಯ ಹೆಜ್ಜೆ: ಕ್ರಿಯಾಪದ ಮಾತಿನಿಂದಲೇ ಮುಗಿಯುವಂಥದೇ?

ಇದನ್ನೊಂದು ಅರಿತುಕೊಂಡರೆ ಮುಕ್ಕಾಲು ಭಾಗ ಕಲಿತಂತೆ. ಬ್ರಿಟಿಷ್ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಒಂದು ವಿಚಾರವನ್ನು ಬಿಡಿಸಿಟ್ಟರು. ಕೆಲವು ಮಾತುಗಳು ಲೋಕವನ್ನು ವರ್ಣಿಸುವುದಿಲ್ಲ, ಲೋಕದಲ್ಲಿ ಒಂದು ಕೆಲಸವನ್ನೇ ಮಾಡಿಬಿಡುತ್ತವೆ. ‘ಮಳೆ ಬರುತ್ತಿದೆ’ ಎಂದರೆ ಅದು ವರದಿ. ನಿಜವೋ ಸುಳ್ಳೋ ಎಂದು ಕಿಟಕಿ ತೆರೆದು ನೋಡಬಹುದು. ‘ಮಾತು ಕೊಡುತ್ತೇನೆ’ ಎಂದರೆ ಅದು ವರದಿಯಲ್ಲ, ಹಾಗೆ ಹೇಳುವುದೇ ಮಾತು ಕೊಡುವ ಕೆಲಸ. ನುಡಿ ಮತ್ತು ನಡೆ ಬೇರೆ ಬೇರೆ ಎಂದು ಎಣಿಸಿ ಅವೆರಡು ಒಂದಾಗಲಿ ಎಂದು ಹಾರೈಸುವುದು ನಮಗೆ ರೂಢಿ. ಈ ಬಗೆಯ ಮಾತುಗಳಲ್ಲಿ ಹಾರೈಕೆಯೇ ಬೇಕಿಲ್ಲ, ನುಡಿಯೇ ನಡೆ. ಇಂಥ ಮಾತುಗಳನ್ನು ಗುರುತು ಹಿಡಿಯಲು ಆಸ್ಟಿನ್ ಕೈಗೆತ್ತಿಕೊಂಡ ಒರೆಗಲ್ಲುಗಳಲ್ಲಿ ‘ಹಿಯರ್‌ಬೈ’ ಕೂಡ ಒಂದು: ಕ್ರಿಯಾಪದದ ಮುಂದೆ ಅದನ್ನಿಟ್ಟು ನೋಡಿ, ಒಪ್ಪಿದರೆ ಮಾತೇ ಕೆಲಸ ಮಾಡುತ್ತಿದೆ ಎಂದರ್ಥ.

ನಮಗೆ ಬೇಕಿರುವುದು ಅದೇ ಒರೆಗಲ್ಲಿನ ಇನ್ನೊಂದು ಮಗ್ಗುಲು. ಘೋಷಿಸು, ನೇಮಿಸು, ರದ್ದುಪಡಿಸು, ಅಧಿಕಾರ ನೀಡು, ರಾಜೀನಾಮೆ ಕೊಡು, ವರ್ಗಾಯಿಸು, ಹಕ್ಕು ಬಿಟ್ಟುಕೊಡು, ಪ್ರಮಾಣೀಕರಿಸು, ಒಪ್ಪಿಗೆ ನೀಡು: ಇವೆಲ್ಲ ಬಾಯಿಮಾತಿನಿಂದ ಅಥವಾ ಸಹಿಯಿಂದ ಮುಗಿಯುವ ಕೆಲಸಗಳು. ಇವುಗಳ ಪಕ್ಕದಲ್ಲಿ ‘ಹಿಯರ್‌ಬೈ’ ಸಲೀಸಾಗಿ ಕೂರುತ್ತದೆ. ಆಶಿಸು, ನಂಬು, ಓಡು, ಕಾಯು, ತಿಳಿ ಇವುಗಳ ಪಕ್ಕದಲ್ಲಿ ಕೂರುವುದಿಲ್ಲ. ‘ಐ ಹಿಯರ್‌ಬೈ ಹೋಪ್’ ಎಂದು ಬರೆದವರನ್ನು ಕಂಡಿದ್ದೇನೆ. ಆಸೆ ಮನಸ್ಸಿನಲ್ಲಿ ಹುಟ್ಟುತ್ತದೆ, ಕಾಗದದಿಂದ ಹುಟ್ಟುವುದಿಲ್ಲ.

ಗಡಿಯ ಮೇಲಿರುವ ಕ್ರಿಯಾಪದಗಳೇ ಮೋಜು. ‘ಐ ಹಿಯರ್‌ಬೈ ವಾರ್ನ್ ಯು’ ಸರಿ, ಏಕೆಂದರೆ ಎಚ್ಚರಿಕೆ ಹೇಳಿದೊಡನೆ ಎಚ್ಚರಿಕೆ ಕೊಟ್ಟಾಯಿತು. ಕೇಳಿದವರು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಕೊಟ್ಟದ್ದು ಕೊಟ್ಟದ್ದೇ. ‘ಐ ಹಿಯರ್‌ಬೈ ಪರ್ಸುವೇಡ್ ಯು’ ತಪ್ಪು. ಮನವೊಲಿಸುವ ಕೆಲಸ ಮುಗಿಯುವುದು ಎದುರಿನವರ ತಲೆಯೊಳಗೆ. ನಾನು ಹೇಳಿದ ಮಾತ್ರಕ್ಕೆ ಅವರು ಒಲಿಯುವುದಿಲ್ಲ. ‘ಐ ಹಿಯರ್‌ಬೈ ಇನ್‌ಸಲ್ಟ್ ಯು’ ಇನ್ನೂ ತಮಾಷೆ. ‘ಈ ಮೂಲಕ ನಿಮ್ಮನ್ನು ಅವಮಾನಿಸುತ್ತೇನೆ’ ಎಂದು ಗಂಭೀರವಾಗಿ ಪತ್ರ ಬರೆದರೆ ಅವಮಾನವಾಗುವುದಿಲ್ಲ, ನಗು ಬರುತ್ತದೆ.

ಕ್ರಿಯಾಪದ ಸರಿಯಿದ್ದರೆ ಸಾಲದು, ಹೇಳುವವರಿಗೆ ಅಧಿಕಾರವೂ ಇರಬೇಕು. ‘ನಿಮ್ಮನ್ನು ಈ ಮೂಲಕ ಚಂದ್ರನ ಒಡೆಯರನ್ನಾಗಿ ನೇಮಿಸುತ್ತೇನೆ’ ಎಂದು ನಾನು ಬರೆದರೆ ವ್ಯಾಕರಣದಲ್ಲಿ ಕೊರತೆಯಿಲ್ಲ, ಚಂದ್ರ ಮಾತ್ರ ನಿಮ್ಮ ಹೆಸರಿಗೆ ಬರುವುದಿಲ್ಲ. ಇಲ್ಲದ ಅಧಿಕಾರವನ್ನು ‘ಹಿಯರ್‌ಬೈ’ ತಂದುಕೊಡಲಾರದು. ಗೆಳೆಯರ ನಡುವೆ ಹುಸಿ ಗಾಂಭೀರ್ಯದ ಹಾಸ್ಯಕ್ಕೆ ಈ ಪದವನ್ನು ಬಳಸುವುದರ ಗುಟ್ಟೂ ಇದೇ: ಅಧಿಕಾರವಿಲ್ಲದ ಬಾಯಲ್ಲಿ ಅಧಿಕಾರದ ಮಾತು.

ಮೂರನೆಯ ಹೆಜ್ಜೆ: ಕಾಲ ಮತ್ತು ಜಾಗ

ನಿಯಮ ಚಿಕ್ಕದು. ಕರ್ತರಿ ವಾಕ್ಯದಲ್ಲಿ ಕರ್ತೃ ಮತ್ತು ಕ್ರಿಯಾಪದದ ನಡುವೆ: ‘ಐ ಹಿಯರ್‌ಬೈ ಡಿಕ್ಲೇರ್’. ಕರ್ಮಣಿಯಲ್ಲಿ ‘ಈಸ್’ ಅಥವಾ ‘ಆರ್’ ಆದ ಮೇಲೆ: ‘ದಿ ಆರ್ಡರ್ ಈಸ್ ಹಿಯರ್‌ಬೈ ಕ್ಯಾನ್ಸೆಲ್ಡ್’. ಸುತ್ತ ಅಲ್ಪವಿರಾಮ ಬೇಡ. ಕಾಲ ಸಾಮಾನ್ಯ ವರ್ತಮಾನ. ‘ಡು ಹಿಯರ್‌ಬೈ’ ಎಂಬಲ್ಲಿನ ‘ಡು’ ಹಳೆಯ ಶೈಲಿಯ ಉಳಿಕೆ. ಸೇರಿಸಿದರೆ ಅರ್ಥ ಹೆಚ್ಚುವುದಿಲ್ಲ, ಬಿಟ್ಟರೆ ಕುಂದುವುದಿಲ್ಲ. ವಾಕ್ಯವನ್ನೇ ‘ಹಿಯರ್‌ಬೈ’ಯಿಂದ ಆರಂಭಿಸುವುದು ಇಂದಿನ ಇಂಗ್ಲಿಷಿಗೆ ಒಗ್ಗುವುದಿಲ್ಲ. ಜರ್ಮನ್ನಿನ ‘ಹೀರ್‌ಮಿಟ್’ ಎಂಬ ಸೋದರ ಪದ ವಾಕ್ಯದ ತಲೆಯಲ್ಲಿ ಹಾಯಾಗಿ ಕೂರುವುದರಿಂದ ಆ ಭಾಷೆಯವರು ಇಂಗ್ಲಿಷಿನಲ್ಲೂ ಹಾಗೆಯೇ ಬರೆಯುವುದುಂಟು.

ಕನ್ನಡದವರಾದ ನಾವು ಎಡವುವುದು ಬೇರೆ ಕಡೆ, ಅದಕ್ಕೆ ನಮ್ಮದೇ ಕಾರಣಗಳಿವೆ.

ಮೊದಲನೆಯದು ‘ಲಾಗಿದೆ’. ನಮ್ಮ ಆಡಳಿತ ಕನ್ನಡದಲ್ಲಿ ‘ಈ ಮೂಲಕ ಆದೇಶಿಸಲಾಗಿದೆ’, ‘ಈ ಮೂಲಕ ತಿಳಿಸಲಾಗಿದೆ’ ಎಂದು ಬರೆಯುತ್ತೇವೆ. ಅದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ಒಯ್ದಾಗ ‘ಇಟ್ ಹ್ಯಾಸ್ ಬೀನ್ ಹಿಯರ್‌ಬೈ ಆರ್ಡರ್ಡ್’ ಎಂದಾಗುತ್ತದೆ. ಇಂಗ್ಲಿಷಿನವರ ಕಿವಿಗೆ ಇದರಲ್ಲಿ ವಿರೋಧ ಕೇಳಿಸುತ್ತದೆ: ಆದೇಶ ಮೊದಲೇ ಆಗಿದ್ದರೆ ಈ ಕಾಗದ ಮಾಡಿದ್ದೇನು? ‘ಇಟ್ ಈಸ್ ಹಿಯರ್‌ಬೈ ಆರ್ಡರ್ಡ್’ ಎಂದರಷ್ಟೇ ಸರಿ. ನಮ್ಮ ‘ಲಾಗಿದೆ’ ಮುಗಿದ ಕೆಲಸವನ್ನೂ ಈಗ ಆಗುತ್ತಿರುವ ಕೆಲಸವನ್ನೂ ಒಂದೇ ಉಸಿರಿನಲ್ಲಿ ಹೊರಬಲ್ಲದು, ಇಂಗ್ಲಿಷಿನ ರೂಪಕ್ಕೆ ಆ ಸೌಲಭ್ಯವಿಲ್ಲ.

ಎರಡನೆಯದು ‘ತ್ತಿದ್ದೇನೆ’. ‘ಈ ಮೂಲಕ ತಿಳಿಸುತ್ತಿದ್ದೇನೆ’ ಎಂಬ ಕನ್ನಡ ವಾಕ್ಯ ಸಹಜವಾಗಿದೆ. ‘ಐ ಆ್ಯಮ್ ಹಿಯರ್‌ಬೈ ಇನ್‌ಫಾರ್ಮಿಂಗ್’ ಹಾಗಲ್ಲ. ನಡೆಯುತ್ತಿರುವ ಕೆಲಸವನ್ನು ಪಕ್ಕದಲ್ಲಿ ನಿಂತು ಬಣ್ಣಿಸುವಂತೆ ಅದು ಕೇಳಿಸುತ್ತದೆ.

ಮೂರನೆಯದು ‘ಶಾಲ್’, ‘ವಿಲ್’, ‘ಮೇ’ಗಳ ಜೊತೆಗಿನ ಸಹವಾಸ. ‘ದಿ ಟೆನೆಂಟ್ ಶಾಲ್ ಹಿಯರ್‌ಬೈ ಪೇ’ ಎಂಬಂಥ ವಾಕ್ಯಗಳು ಒಪ್ಪಂದಗಳಲ್ಲಿ ನುಸುಳುತ್ತವೆ. ‘ಶಾಲ್’ ಮುಂದೆ ಮಾಡಬೇಕಾದ ಕರ್ತವ್ಯವನ್ನು ಹೇಳುತ್ತದೆ, ‘ಹಿಯರ್‌ಬೈ’ ಈಗಲೇ ಆಯಿತು ಎನ್ನುತ್ತದೆ. ಒಂದೇ ಎತ್ತನ್ನು ಎರಡು ದಿಕ್ಕಿಗೆ ಎಳೆದಂತೆ. ಹಣ ಕೊಡುವುದು ಮಾತಿನಿಂದ ಮುಗಿಯುವ ಕೆಲಸವೂ ಅಲ್ಲ.

ನಾಲ್ಕನೆಯ ಹೆಜ್ಜೆ: ‘ಕೊಡುತ್ತೇನೆ’ ಎಂದರೆ ಈಗಲೋ, ಮುಂದೆಯೋ?

ಈ ಪದ ಬರೀ ಅಲಂಕಾರ ಎನ್ನುವವರಿಗೆ ನಾನು ಹೇಳುವುದು ಅಮೆರಿಕದ ಒಂದು ಮೊಕದ್ದಮೆಯ ಕಥೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 1988ರಲ್ಲಿ ಕೆಲಸಕ್ಕೆ ಸೇರುವಾಗ ಒಂದು ಕರಾರಿಗೆ ಸಹಿ ಹಾಕಿದರು. ತಮ್ಮ ಆವಿಷ್ಕಾರಗಳ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಲು ಒಪ್ಪುತ್ತೇನೆ ಎಂಬ ಅರ್ಥದ ‘ಅಗ್ರೀ ಟು ಅಸೈನ್’ ಅದರಲ್ಲಿತ್ತು. ಬಳಿಕ ಡಿಎನ್‌ಎ ತುಣುಕಿನಿಂದ ಲೆಕ್ಕವಿಲ್ಲದಷ್ಟು ಪ್ರತಿಗಳನ್ನು ತೆಗೆಯುವ ಪಿಸಿಆರ್ ತಂತ್ರವನ್ನು ಕಲಿಯಲು ಅವರು ಆ ತಂತ್ರ ಹುಟ್ಟಿದ ಸೀಟಸ್ ಕಂಪನಿಯ ಪ್ರಯೋಗಾಲಯಕ್ಕೆ ಹೋಗಬೇಕಾಯಿತು. ಅಲ್ಲಿ ಸಂದರ್ಶಕರಿಗೆಂದು ಕೊಟ್ಟ ಇನ್ನೊಂದು ಕಾಗದಕ್ಕೂ ಸಹಿ ಹಾಕಿದರು. ಅದರಲ್ಲಿದ್ದುದು ‘ವಿಲ್ ಅಸೈನ್ ಆ್ಯಂಡ್ ಡು ಹಿಯರ್‌ಬೈ ಅಸೈನ್’, ಅಂದರೆ ಮುಂದೆ ವರ್ಗಾಯಿಸುತ್ತೇನೆ ಮತ್ತು ಈ ಮೂಲಕ ಈಗಲೇ ವರ್ಗಾಯಿಸುತ್ತೇನೆ. ರಕ್ತದಲ್ಲಿ ಎಚ್‌ಐವಿ ಪ್ರಮಾಣವನ್ನು ಅಳೆಯುವ ವಿಧಾನ ಆ ದಾರಿಯಲ್ಲಿ ಹುಟ್ಟಿತು. ಸ್ಟ್ಯಾನ್‌ಫರ್ಡ್ ಪೇಟೆಂಟ್ ಪಡೆಯಿತು. ಸೀಟಸ್‌ನ ಪಿಸಿಆರ್ ವ್ಯವಹಾರವನ್ನು 1991ರಲ್ಲಿ ಔಷಧ ಕಂಪನಿ ರೋಶ್ ಕೊಂಡುಕೊಂಡಿತು. 2005ರಲ್ಲಿ ಸ್ಟ್ಯಾನ್‌ಫರ್ಡ್ ರೋಶ್ ಮೇಲೆ ದಾವೆ ಹೂಡಿದಾಗ, ಈ ಹಕ್ಕಿನಲ್ಲಿ ನಮಗೂ ಪಾಲಿದೆ ಎಂದು ರೋಶ್ ಹೇಳಿತು.

ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿತು. ಮೊದಲನೆಯದು ಬರಿಯ ಭರವಸೆ, ಮುಂದೊಂದು ದಿನ ವರ್ಗಾವಣೆ ಮಾಡುವ ಮಾತು. ಎರಡನೆಯದು ವರ್ಗಾವಣೆಯೇ; ಆವಿಷ್ಕಾರ ಹುಟ್ಟಿದ ಗಳಿಗೆಯಲ್ಲಿ ಆ ಸಂಶೋಧಕರ ಹಕ್ಕು ನೇರವಾಗಿ ಸೀಟಸ್‌ಗೆ ಹೋಗುತ್ತದೆ. ಮೊದಲು ಸಹಿ ಬಿದ್ದ ಕಾಗದ ಹಿಂದೆ ಬಿತ್ತು, ಆಮೇಲಿನದು ಮುಂದೆ ಬಂತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಸರ್ಕಾರದ ಅನುದಾನದಿಂದ ನಡೆದ ಸಂಶೋಧನೆಯ ಹಕ್ಕು ಕಾನೂನಿನ ಬಲದಿಂದ ತಾನಾಗಿಯೇ ವಿಶ್ವವಿದ್ಯಾಲಯದ್ದಾಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. 2011ರಲ್ಲಿ ಬಂದ ಉತ್ತರ: ಇಲ್ಲ. ಸ್ಟ್ಯಾನ್‌ಫರ್ಡ್ ಸೋತಿತು.

ಈ ಕಥೆಯನ್ನು ಕನ್ನಡದ ಕಣ್ಣಿನಿಂದ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ‘ವರ್ಗಾಯಿಸುತ್ತೇನೆ’ ಎಂಬ ನಮ್ಮ ರೂಪ ವರ್ತಮಾನವೂ ಹೌದು, ಭವಿಷ್ಯವೂ ಹೌದು. ‘ನಾಳೆ ಬರುತ್ತೇನೆ’, ‘ದಿನಾ ಬರುತ್ತೇನೆ’ ಎರಡಕ್ಕೂ ಒಂದೇ ಬಟ್ಟೆ. ಇಂಗ್ಲಿಷಿನವರು ‘ವಿಲ್’ ಇಟ್ಟೋ ಬಿಟ್ಟೋ ತೋರಿಸುವ ವ್ಯತ್ಯಾಸವನ್ನು ನಾವು ಕ್ರಿಯಾಪದದಲ್ಲಿ ತೋರಿಸಲಾರೆವು. ಆದ್ದರಿಂದ ಇಂಥ ಕರಾರನ್ನು ಕನ್ನಡಕ್ಕೆ ತರುವಾಗ ‘ಈ ಮೂಲಕ’ವನ್ನು ಬಿಟ್ಟರೆ, ಕೊಟ್ಟಾಯಿತೋ ಕೊಡುವುದಾಗಿ ಹೇಳಿದ್ದೋ ಎಂಬುದೇ ತೇಲಿಹೋಗುತ್ತದೆ. ‘ವರ್ಗಾಯಿಸಲು ಒಪ್ಪಿದ್ದೇನೆ’ ಮತ್ತು ‘ಈ ಮೂಲಕ ವರ್ಗಾಯಿಸಿದ್ದೇನೆ’ ಎಂದು ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ. ನಾನು ಜಗಳಕ್ಕೆ ನಿಲ್ಲುತ್ತೇನೆ ಎಂದದ್ದು ಇಂಥ ಜಾಗಕ್ಕೆ.

ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯಲ್ಲಿ ಈ ಎರಡು ಕಾಲಗಳ ಜೋಡಿ ಚೆನ್ನಾಗಿ ಕಾಣುತ್ತದೆ. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಹಿಯಾದ ಆ ಬರಹದ ಕೊನೆಯಲ್ಲಿ, ಸರ್ಕಾರಗಳು ಸನ್ನದನ್ನು ಒಪ್ಪಿವೆ ಎಂಬುದಕ್ಕೆ ‘ಹ್ಯಾವ್ ಅಗ್ರೀಡ್’ ಎಂದಿದೆ, ಅದು ಮುಗಿದ ಸಂಗತಿ. ಅದರ ಬೆನ್ನಿಗೇ ಸಂಸ್ಥೆಯನ್ನು ಹುಟ್ಟುಹಾಕುವ ಮಾತಿಗೆ ‘ಡು ಹಿಯರ್‌ಬೈ ಎಸ್ಟ್ಯಾಬ್ಲಿಷ್’. ಒಪ್ಪಿದ್ದು ಹಿಂದೆ, ಸ್ಥಾಪಿಸುವುದು ಈ ವಾಕ್ಯದಲ್ಲಿ. ಒಂದೇ ವಾಕ್ಯದೊಳಗೆ ವರದಿಯೂ ಕೆಲಸವೂ ಎಷ್ಟು ಬೇರೆಯಾಗಿ ನಿಂತಿವೆ ನೋಡಿ.

ಐದನೆಯ ಹೆಜ್ಜೆ: ‘ಈ ಮೂಲಕ’ವನ್ನು ‘ಈಗಿನಿಂದ’ ಎಂದು ಓದಬೇಡಿ

ಕೆಲಸ ಆಗುವುದು ಈಗ, ಫಲ ಸಿಗುವುದು ಯಾವಾಗಲಾದರೂ ಇರಬಹುದು. ಅಮೆರಿಕ ಸಂವಿಧಾನದ 18ನೆಯ ತಿದ್ದುಪಡಿಗೆ 1919ರಲ್ಲಿ ಅನುಮೋದನೆ ಸಿಕ್ಕಿತು. ಮದ್ಯದ ತಯಾರಿಕೆ, ಮಾರಾಟ, ಸಾಗಣೆಗಳನ್ನು ಅನುಮೋದನೆಯಾದ ಒಂದು ವರ್ಷದ ನಂತರ ‘ಈಸ್ ಹಿಯರ್‌ಬೈ ಪ್ರೊಹಿಬಿಟೆಡ್’ ಎಂದು ಅದು ಹೇಳಿತು. ಒಂದು ವರ್ಷದ ನಂತರ ಎನ್ನುತ್ತದೆ, ‘ಹಿಯರ್‌ಬೈ’ ಎಂದೂ ಎನ್ನುತ್ತದೆ. ವಿರೋಧವಿಲ್ಲ, ನಿಷೇಧಿಸುವ ಸಾಧನ ಈ ಬರಹ, ನಿಷೇಧ ಕಾಲಿಡುವುದು ವರ್ಷದ ಮೇಲೆ. 1933ರಲ್ಲಿ 21ನೆಯ ತಿದ್ದುಪಡಿ ಬಂತು, 18ನೆಯದನ್ನು ‘ಈಸ್ ಹಿಯರ್‌ಬೈ ರಿಪೀಲ್ಡ್’ ಎಂಬ ಮಾತಿನಿಂದ ರದ್ದುಪಡಿಸಿತು. ಒಂದು ‘ಹಿಯರ್‌ಬೈ’ ಕಟ್ಟಿದ್ದನ್ನು ಇನ್ನೊಂದು ‘ಹಿಯರ್‌ಬೈ’ ಕೆಡವಿತು.

ಆರನೆಯ ಹೆಜ್ಜೆ: ನೆರೆಹೊರೆಯವರನ್ನು ಗುರುತಿಸಿ

‘ಹಿಯರ್‌ವಿತ್’ ಎಂದರೆ ಇದರ ಜೊತೆಗೆ. ಪತ್ರದೊಂದಿಗೆ ದಾಖಲೆ ಲಗತ್ತಿಸಿದಾಗ ಜನ ‘ಹಿಯರ್‌ಬೈ ಅಟ್ಯಾಚ್ಡ್’ ಎಂದು ಬರೆಯುವುದು ಈ ಎರಡನ್ನು ಕಲಸಿಕೊಂಡಿದ್ದರಿಂದ. ದಾಖಲೆ ಲಗತ್ತಾಗುವುದು ಪಿನ್ನಿನಿಂದ ಅಥವಾ ಮೌಸ್ ಒತ್ತಿದ್ದರಿಂದ, ವಾಕ್ಯದಿಂದಲ್ಲ. ‘ಹಿಯರ್‌ವಿತ್’ ಕೂಡ ಇಂದು ಹಳೆಯದಾಗಿದೆ. ‘ಅಟ್ಯಾಚ್ಡ್’ ಒಂದೇ ಸಾಕು. ‘ಹಿಯರ್‌ಇನ್’ ಇದರೊಳಗೆ, ‘ಹಿಯರ್‌ಆಫ್ಟರ್’ ಇನ್ನು ಮುಂದೆ, ‘ಹಿಯರ್‌ಟು’ ಇದಕ್ಕೆ. ವಕೀಲರಲ್ಲದವರಿಗೆ ಇವುಗಳ ಗೊಡವೆ ಬೇಡ.

ನಿಜವಾಗಿ ಕಾಡುವುದು ‘ದೇರ್‌ಬೈ’. ಇದಕ್ಕೆ ನಮ್ಮ ಪತ್ರಿಕಾ ಕನ್ನಡವೂ ಸ್ವಲ್ಪ ಹೊಣೆ. ‘ಅವರು ಕೊನೆಯ ಓವರಿನಲ್ಲಿ ಮೂರು ವಿಕೆಟ್ ಪಡೆದರು. ಈ ಮೂಲಕ ಹಳೆಯ ದಾಖಲೆಯನ್ನು ಮುರಿದರು.’ ಇಂಥ ವಾಕ್ಯ ದಿನವೂ ಅಚ್ಚಾಗುತ್ತದೆ, ಕನ್ನಡವಾಗಿ ಸರಿಯಾಗಿಯೇ ಇದೆ. ಆದರೆ ಈ ‘ಈ ಮೂಲಕ’ ಕೈಯಲ್ಲಿರುವ ಬರಹವನ್ನು ತೋರಿಸುತ್ತಿಲ್ಲ, ಹಿಂದಿನ ವಾಕ್ಯದಲ್ಲಿ ಹೇಳಿದ ಘಟನೆಯನ್ನು ತೋರಿಸುತ್ತಿದೆ. ಅದಕ್ಕೆ ಇಂಗ್ಲಿಷಿನಲ್ಲಿ ‘ದೇರ್‌ಬೈ’ ಬೇಕು, ‘ದೇರ್‌ಬೈ ಬ್ರೇಕಿಂಗ್ ದಿ ರೆಕಾರ್ಡ್’ ಎಂದು. ‘ಹಿಯರ್‌ಬೈ’ ಎಂದರೆ ವರದಿಗಾರರ ವಾಕ್ಯವೇ ದಾಖಲೆ ಮುರಿದಂತಾಗುತ್ತದೆ! ಗೊಂದಲವಾದಾಗ ‘ತನ್ಮೂಲಕ’ ಎಂಬ ಪದವನ್ನು ಆ ಜಾಗದಲ್ಲಿಟ್ಟು ನೋಡಿ. ಅದು ಹೊಂದಿದರೆ ‘ದೇರ್‌ಬೈ’, ‘ಈ ಪತ್ರದ ಮೂಲಕವೇ’ ಹೊಂದಿದರೆ ‘ಹಿಯರ್‌ಬೈ’.

ಏಳನೆಯ ಹೆಜ್ಜೆ: ಅಳಿಸಿ

ಕ್ರಿಯಾಪದ ಸರಿ, ಕಾಲ ಸರಿ, ಅಧಿಕಾರವೂ ಇದೆ. ಆದರೂ ಎಷ್ಟೋ ಸಲ ಪದ ಬೇಕಿರುವುದಿಲ್ಲ. ‘ದಿಸ್ ಈಸ್ ಟು ಸರ್ಟಿಫೈ’ ಎಂದಮೇಲೆ ‘ದಿಸ್’ ಆ ಹಾಳೆಯನ್ನು ತೋರಿಸಿಯಾಗಿದೆ. ಮತ್ತೆ ‘ಹಿಯರ್‌ಬೈ’ ಸೇರಿಸಿದರೆ ಒಂದೇ ಬಾಗಿಲಿಗೆ ಎರಡು ಬೀಗ. ‘ಥ್ರೂ ದಿಸ್ ಲೆಟರ್ ಐ ಹಿಯರ್‌ಬೈ’ ಕೂಡ ಹಾಗೆಯೇ. ದಿನನಿತ್ಯದ ಇಮೇಲ್‌ಗಳಲ್ಲಿ ‘ಹಿಯರ್‌ಬೈ ಇನ್‌ಫಾರ್ಮ್’ ಎಂಬುದನ್ನು ಪೂರ್ತಿಯಾಗಿ ಹೊಡೆದುಹಾಕಿ, ತಿಳಿಸಬೇಕಾದ್ದನ್ನು ನೇರವಾಗಿ ತಿಳಿಸಿ.

ಕ್ಷಮೆ ಮತ್ತು ಕೃತಜ್ಞತೆಯ ಪತ್ರಗಳಲ್ಲಿ ಇದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ‘ಐ ಹಿಯರ್‌ಬೈ ಅಪಾಲಜೈಸ್’ ಎನ್ನುವುದರಲ್ಲಿ ವ್ಯಾಕರಣದ ತಪ್ಪಿಲ್ಲ, ಕ್ಷಮೆ ಕೇಳುವುದು ಮಾತಿನಿಂದ ಮುಗಿಯುವ ಕೆಲಸವೇ. ಆದರೆ ಅದು ವಕೀಲರು ಬರೆದುಕೊಟ್ಟ ಕ್ಷಮಾಪಣೆಯಂತೆ ಕೇಳಿಸುತ್ತದೆ. ‘ಕ್ಷಮೆ ಕೇಳಿದ್ದಾಯಿತು, ದಾಖಲಿಸಿಕೊಳ್ಳಿ’ ಎಂಬ ಧ್ವನಿ.

ಎಂಟನೆಯ ಹೆಜ್ಜೆ: ಒಂದು ಪತ್ರದ ಮೇಲೆ ಕೈಯಾಡಿಸಿ

ಇದು ನಾನೇ ಕಟ್ಟಿದ ಮಾದರಿ, ಕೆಟ್ಟ ಪತ್ರಗಳ ಅಭ್ಯಾಸಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದ್ದು: ‘ಐ ಆ್ಯಮ್ ಹಿಯರ್‌ಬೈ ರೈಟಿಂಗ್ ಟು ಇನ್‌ಫಾರ್ಮ್ ಯು ದಟ್ ಐ ವುಡ್ ಲೈಕ್ ಟು ಹಿಯರ್‌ಬೈ ರಿಸೈನ್. ದಿ ಲಿಸ್ಟ್ ಆಫ್ ಫೈಲ್ಸ್ ಈಸ್ ಹಿಯರ್‌ಬೈ ಅಟ್ಯಾಚ್ಡ್. ಐ ಹಿಯರ್‌ಬೈ ಥ್ಯಾಂಕ್ ಯು.’ ನಾಲ್ಕು ‘ಹಿಯರ್‌ಬೈ’.

ಮೊದಲನೆಯದು ಬರೆಯುವ ಕೆಲಸಕ್ಕೆ ಅಂಟಿದೆ. ಬರೆಯುತ್ತಿರುವುದು ಓದುವವರಿಗೆ ಕಾಣುತ್ತಲೇ ಇದೆ, ಆ ಇಡೀ ತುಣುಕನ್ನೇ ತೆಗೆಯಿರಿ. ಮೂರನೆಯದರಲ್ಲಿ ‘ಅಟ್ಯಾಚ್ಡ್’ ಮಾತ್ರ ಉಳಿಯಲಿ. ನಾಲ್ಕನೆಯದರಿಂದ ಪದವನ್ನು ಕಿತ್ತು, ಯಾವುದಕ್ಕಾಗಿ ಕೃತಜ್ಞತೆ ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿ.

ಎರಡನೆಯದು ಪತ್ರದ ಬೆನ್ನೆಲುಬು, ಕೆಟ್ಟಿರುವುದೂ ಅಲ್ಲಿಯೇ. ‘ವುಡ್ ಲೈಕ್ ಟು’ ಎಂದರೆ ಬಯಕೆ. ರಾಜೀನಾಮೆ ಕೊಡಲು ಬಯಸುತ್ತೇನೆ ಎಂದು ಬರೆದವರು ಕೊಟ್ಟರೋ ಇಲ್ಲವೋ ಎಂದು ಯಾರಾದರೂ ಕೊಸರಾಡಬಹುದು. ನಯವಾಗಿರಲೆಂದು ಸೇರಿಸಿದ ಮಾತು ಕೆಲಸವನ್ನೇ ಕೆಡಿಸಿತು. ತಿದ್ದಿದರೆ ಹೀಗಾಗುತ್ತದೆ: ‘ಐ ಹಿಯರ್‌ಬೈ ರಿಸೈನ್ ಫ್ರಮ್ ಮೈ ಪೋಸ್ಟ್ ವಿತ್ ಇಫೆಕ್ಟ್ ಫ್ರಮ್ 30 ಜೂನ್.’ ಕನ್ನಡದಲ್ಲಾದರೆ ‘ಜೂನ್ 30ರಿಂದ ಜಾರಿಗೆ ಬರುವಂತೆ ನನ್ನ ಹುದ್ದೆಗೆ ಈ ಮೂಲಕ ರಾಜೀನಾಮೆ ನೀಡಿದ್ದೇನೆ.’ ಕೊಟ್ಟದ್ದು ಇಂದು, ಬಿಡುವುದು ಜೂನ್ 30ಕ್ಕೆ. 18ನೆಯ ತಿದ್ದುಪಡಿಯಲ್ಲಿ ಕಂಡದ್ದೇ ಇಲ್ಲಿಯೂ ನಡೆದಿದೆ.

ಕಳುಹಿಸುವ ಮುನ್ನ ಪತ್ರದ ಮೇಲ್ಭಾಗದಲ್ಲಿ ಇಂದಿನ ತಾರೀಖು ಇದೆಯೇ, ಕೆಳಗೆ ಸಹಿ ಬಿದ್ದಿದೆಯೇ ನೋಡಿಕೊಳ್ಳಿ. ‘ಹಿಯರ್’ ಬೆರಳು ತೋರಿಸುತ್ತಿರುವುದು ಆ ಹಾಳೆಯತ್ತ.